ಮರವೇರುವ ಕಾಯಕವೂ ನಮ್ಮ ಹೊಣೆಯೂ

ನಮ್ಮ ಮನೆಗಳಲ್ಲಿ ತೆಂಗಿನಕಾಯಿಯಿಲ್ಲದೆ ನಡೆಯುವ ಕಾರ್ಯ ಯಾವುದಿದೆ? ನಿಶ್ಚಿತಾರ್ಥದ ಫಲತಾಂಬೂಲ ಮೊದಲ್ಗೊಂಡು ಗೃಹಪ್ರವೇಶ, ಜಂಗಮಾರಾಧನೆ, ಹಿರಿಯರ ಸ್ಮರಣೆಯ ದಾಸೋಹದವರೆಗೆ ಕಾಯಿ ಬೇಕು, ಅಡಿಕೆ ಬೇಕು. ತುಮಕೂರು ಜಿಲ್ಲೆಯವರಾದ ನಮ್ಮಲ್ಲಿ ಬಹುಮಂದಿಗೆ ಇವು ಅಂಗಡಿಯ ಪದಾರ್ಥಗಳಲ್ಲ. ಹಿತ್ತಲಿನಿಂದಲೋ ತೋಟದಿಂದಲೋ ಬರತಕ್ಕವು. ಆದರೆ ಅವು ತಾವಾಗಿ ಇಳಿದು ಬರುವುದಿಲ್ಲ. ನೆಲದಿಂದ ನಲವತ್ತು ಐವತ್ತು ಅಡಿ ಮೇಲಿರುವ ಗೊನೆಗೂ ನಮ್ಮ ಪೂಜೆಯ ತಟ್ಟೆಗೂ ನಡುವೆ ಒಬ್ಬ ಮನುಷ್ಯನಿದ್ದಾನೆ. ತಟ್ಟೆಯಲ್ಲಿ ಕಾಯಿಯನ್ನು ಕಾಣುವ ನಮ್ಮ ಕಣ್ಣಿಗೆ ಆತ ಕಾಣಿಸಿದ್ದು ಕಡಿಮೆ. ಆತನ ದುಡಿಮೆಯನ್ನೂ, ಆತನ ಪ್ರಾಣಕ್ಕೆ ನಾವು ಎಷ್ಟರಮಟ್ಟಿಗೆ ಹೊಣೆಗಾರರೆಂಬುದನ್ನೂ ಈ ತಿಂಗಳು ವಾಚಕ ಬಂಧುಗಳ ಮುಂದಿಡಬೇಕೆಂದಿದ್ದೇವೆ.

ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿ ನಮ್ಮದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿ ಸೀಮೆಗಳನ್ನು ಹಾದು, ಆಂಧ್ರದ ಮಗ್ಗುಲಿಗೆ ಹೋಗಿ ಉತ್ತರ ಪಿನಾಕಿನಿಯನ್ನು ಕೂಡುವ ಜಯಮಂಗಲಿ ನಮ್ಮ ಕಡೆಯ ಹೊಳೆ. ಅದು ಹರಿದ ದಿನಗಳಿಗಿಂತ ಮರಳಾಗಿ ಮಲಗಿದ ದಿನಗಳೇ ಹೆಚ್ಚು. ತಿಪಟೂರು, ತುರುವೇಕೆರೆಗಳ ತೆಂಗಿನ ಐಶ್ವರ್ಯ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇಲ್ಲ. ಪಾವಗಡವಂತೂ ಶೇಂಗಾದ ನಾಡು. ಆದರೂ ಕೊಳವೆಬಾವಿಯನ್ನು ನಂಬಿ ಮಧುಗಿರಿ, ಕೊರಟಗೆರೆ, ಶಿರಾಗಳಲ್ಲಿ ತೆಂಗನ್ನೂ ಈಚೆಗೆ ಅಡಿಕೆಯನ್ನೂ ನೆಟ್ಟವರು ಬಹಳ. ಹೊಲದಲ್ಲಿ ಶೇಂಗಾ ಕೀಳಲು ಮನೆಮಂದಿಯೆಲ್ಲ ಇಳಿಯಬಹುದು. ಮರದ ಫಸಲು ಹಾಗಲ್ಲ. ನೆಟ್ಟವನು ಒಬ್ಬ, ಇಳಿಸುವವನು ಇನ್ನೊಬ್ಬ. ಆ ಇನ್ನೊಬ್ಬನು ಬರುವವರೆಗೆ ತೋಟದ ಒಡೆಯನು ಕೈಕಟ್ಟಿ ನಿಲ್ಲಬೇಕು.

ತೆಂಗಿನ ಮರದ ಸ್ವಭಾವವೇ ಹೀಗಿದೆ. ನೆಟ್ಟ ಆರೆಂಟು ವರ್ಷಕ್ಕೆ ಫಲಕ್ಕೆ ಬರುವ ಎತ್ತರದ ತಳಿಯ ಮರ ಅರವತ್ತು ಎಪ್ಪತ್ತು ವರ್ಷ, ಆರೈಕೆಯಿದ್ದರೆ ಇನ್ನೂ ಹೆಚ್ಚು ಕಾಲ ಬಾಳುತ್ತದೆ. ಸುಮಾರು ತಿಂಗಳಿಗೊಂದು ಗರಿ, ಗರಿಯ ಕಂಕುಳಲ್ಲೊಂದು ಹೊಂಬಾಳೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಹನ್ನೆರಡು ತಿಂಗಳು. ಹೀಗಾಗಿ ಒಂದೇ ಮರದಲ್ಲಿ ಹೂವು, ಹರಳು, ಎಳನೀರು, ಬಲಿತ ಕಾಯಿ ಎಲ್ಲವೂ ಏಕಕಾಲಕ್ಕೆ ಇರುತ್ತವೆ. ಯಾವ ಗೊನೆ ಬಲಿತಿದೆ, ಯಾವುದನ್ನು ಬಿಡಬೇಕು ಎಂಬುದು ಮೇಲೇರಿದವನ ಕಣ್ಣಿಗೂ ಬೆರಳಿಗೂ ಗೊತ್ತು. ಕಾಯಿಯ ಮೇಲೆ ತಟ್ಟಿ ಶಬ್ದದಿಂದ ಹೇಳುವವರನ್ನು ನಾವು ಕಂಡಿದ್ದೇವೆ. ಒಂದೂವರೆ ಎರಡು ತಿಂಗಳಿಗೊಮ್ಮೆ ಮರ ಹತ್ತಬೇಕು. ಉಂಡೆ ಕೊಬ್ಬರಿಗೆಂದು ಅಟ್ಟದಲ್ಲಿಡುವ ಕಾಯಿಯನ್ನು ಚೆನ್ನಾಗಿ ಬಲಿಯಗೊಟ್ಟು ಕೆಡವಿದರೆ ಸಾಕು. ಎಳನೀರಿನ ವ್ಯಾಪಾರ ಬಂದ ಮೇಲೆ ಈ ಲೆಕ್ಕ ಬದಲಾಯಿತು. ಎಳನೀರನ್ನು ಕೆಡವಿದರೆ ಒಡೆಯುತ್ತದೆ. ಗೊನೆಗೆ ಹಗ್ಗ ಕಟ್ಟಿ, ಮಟ್ಟೆಯ ಮೇಲಿಂದ ಹಾಯಿಸಿ, ಕೆಳಗಿನವನ ಕೈಗೆ ನಿಧಾನವಾಗಿ ಬಿಡಬೇಕು. ಅಷ್ಟು ಹೊತ್ತೂ ಮೇಲಿನವನು ಸುಳಿಯ ಬುಡದಲ್ಲಿ ನಿಂತಿರಬೇಕು. ಮರದ ಮೇಲೆ ಆತ ಕಳೆಯುವ ಹೊತ್ತು ಹೆಚ್ಚಿತು, ಅಪಾಯವೂ ಹೆಚ್ಚಿತು. ಕೂಲಿ ಮಾತ್ರ ಮರದ ಲೆಕ್ಕದಲ್ಲಿಯೇ ಉಳಿಯಿತು.

ನಾವು ಬಾಲಕರಾಗಿದ್ದಾಗ ಕೂಲಿಯೆಂದರೆ ಮರಕ್ಕೊಂದು ಕಾಯಿ. ಕಾಯಿ ಇಳಿಸುವವನು ತನ್ನ ಪಾಲಿನ ಕಾಯಿಗಳನ್ನು ಬೇರೆ ರಾಶಿ ಹಾಕಿಕೊಂಡು ಸಂಜೆ ಸಂತೆಗೆ ಹೊರುತ್ತಿದ್ದನು. ಆತನ ಉಪಕರಣಗಳೆಂದರೆ ಸೊಂಟಕ್ಕೆ ಸಿಕ್ಕಿಸಿದ ಮಚ್ಚು, ಎರಡು ಪಾದಗಳನ್ನೂ ಬಂಧಿಸುವ ನಾರಿನ ಕುಣಿಕೆ, ಇಷ್ಟೇ. ಈ ಕುಣಿಕೆಯನ್ನು ಕರಾವಳಿಯವರು ತಳೆ ಎನ್ನುತ್ತಾರೆ. ಪಾದಗಳೆರಡೂ ಕುಣಿಕೆಯೊಳಗಿದ್ದು ಮರವನ್ನು ಇಕ್ಕುಳದಂತೆ ಒತ್ತಿ ಹಿಡಿಯುತ್ತವೆ. ಕೈಗಳು ಮರವನ್ನು ತಬ್ಬಿ ಮೈಯನ್ನು ಮೇಲಕ್ಕೆ ಸೆಳೆಯುತ್ತವೆ. ಎದೆ, ತೊಡೆ, ಮೊಣಕಾಲುಗಳ ಚರ್ಮ ಒರಟಾಗಿ ಕಪ್ಪುಗಟ್ಟುವುದು ಈ ತಬ್ಬುವಿಕೆಯಿಂದ. ತೆಲುಗು ಮಾತು ಬೆರೆತ ಪಾವಗಡದ ಗಡಿಯಲ್ಲಿ ಈಚಲು, ತಾಳೆ ಮರಗಳನ್ನು ಏರುವವರು ಮೋಕು ಎಂಬ ದಪ್ಪ ಹಗ್ಗವನ್ನು ಸೊಂಟಕ್ಕೂ ಮರಕ್ಕೂ ಸುತ್ತಿ, ಹಿಂದಕ್ಕೆ ಒರಗಿಕೊಂಡು ಏರುವುದುಂಟು. ತೆಂಗಿಗೆ ನಮ್ಮಲ್ಲಿ ಅದೂ ಇರಲಿಲ್ಲ. ಒಬ್ಬನು ದಿನಕ್ಕೆ ನಲವತ್ತು ಮರ ಏರುತ್ತಾನೆಂದು, ಮರವೊಂದಕ್ಕೆ ಹದಿನೈದು ಮೀಟರ್ ಎಂದು ಹಿಡಿದರೆ ಆರುನೂರು ಮೀಟರ್ ಆಯಿತು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಊರಿನಿಂದ ತುದಿಯವರೆಗೆ ಏರಿದರೂ ಇಷ್ಟಾಗುವುದಿಲ್ಲ. ಬೆಟ್ಟಕ್ಕೆ ಮೆಟ್ಟಿಲುಂಟು, ಹಿಡಿಯಲು ಕಂಬಿಯುಂಟು. ಏರಿ ಬಂದವರು ಫೋಟೋ ತೆಗೆಸಿಕೊಂಡು ವರ್ಷವಿಡೀ ಹೇಳಿಕೊಳ್ಳುತ್ತಾರೆ!

ಮರದ ತಲೆಯಲ್ಲಿ ಕಾಯುತ್ತಿರುವ ಅಪಾಯಗಳು ಬೇರೆ. ಜೇನಿನ ಹೆಸರನ್ನೇ ಹೊತ್ತ ಮಧುಗಿರಿಯವರಿಗೆ ಹೆಜ್ಜೇನಿನ ವಿಷಯ ಹೇಳಬೇಕಾಗಿಲ್ಲ. ಕಣಜ, ಕೆಂಪಿರುವೆ, ಇಲಿ, ಇಲಿಯನ್ನರಸಿ ಬಂದ ಹಾವು ಇವೆಲ್ಲ ಮಟ್ಟೆಗಳ ಸಂದಿಯಲ್ಲಿ ಇರುತ್ತವೆ. ನೆಲದ ಮೇಲೆ ಹಾವು ಕಂಡರೆ ಓಡಬಹುದು. ಅಲ್ಲಿ ಓಡಲು ದಾರಿ ಒಂದೇ. ಒಣಗಿದ ಗರಿಯನ್ನು ಹಸಿಯದೆಂದು ಹಿಡಿದರೆ ಅದು ಕೈಯೊಡನೆ ಕಿತ್ತು ಬರುತ್ತದೆ. ಬರಗಾಲದಲ್ಲಿ ನೀರಿಲ್ಲದೆ ಸೊರಗಿದ ಮರದ ಕಾಂಡ ಮೇಲ್ಗಡೆ ಪೆನ್ಸಿಲ್ಲಿನಂತೆ ಸಣ್ಣಗಾಗುತ್ತದೆ; ಮೇಲೇರಿದವನ ಭಾರಕ್ಕೆ ಅದು ಮುರಿದದ್ದುಂಟು. ಕಾಂಡ ಸೋರುವ ರೋಗ, ಬುಡ ಕೊಳೆಯಿಸುವ ಅಣಬೆ ರೋಗ ಹೊರನೋಟಕ್ಕೆ ಕಾಣಿಸುವ ಮುನ್ನವೇ ಮರವನ್ನು ಒಳಗೆ ಟೊಳ್ಳು ಮಾಡಿರಬಹುದು. ಅನುಭವಿಗಳು ಏರುವ ಮೊದಲು ಮಚ್ಚಿನ ಹಿಂಬದಿಯಿಂದ ಬುಡವನ್ನು ಬಡಿದು ಕೇಳುವುದು ಇದಕ್ಕಾಗಿ. ತೋಟದ ಒಡೆಯನಿಗೆ ಅವಸರವಿದ್ದಾಗ ಈ ಬಡಿಯುವಿಕೆ ಸೋಮಾರಿತನವಾಗಿ ತೋರುತ್ತದೆ. ನಮಗೂ ಒಮ್ಮೆ ಹಾಗೆ ತೋರಿತ್ತು.

ಅದನ್ನು ಹೇಳದೆ ಮುಂದೆ ಹೋಗಲು ನಮಗೆ ಅಧಿಕಾರವಿಲ್ಲ. 2013ರ ಆಶ್ವಯುಜ ಮಾಸ. ನಮ್ಮ ತೀರ್ಥರೂಪರ ಸ್ಮರಣೆಯ ದಿನ. ಮುನ್ನೂರು ಎಲೆಯ ದಾಸೋಹ ಗೊತ್ತುಮಾಡಿದ್ದೆವು. ಹಿಂದಿನ ದಿನವೇ ಇಳಿಸಬೇಕಾಗಿದ್ದ ಕಾಯಿಗಳನ್ನು ಮಳೆಯ ದೆಸೆಯಿಂದ ಇಳಿಸಿರಲಿಲ್ಲ. ಬೆಳಗಿನ ಏಳು ಗಂಟೆಗೆ ಆತ ಬಂದನು. ಇಪ್ಪತ್ತು ವರ್ಷಗಳಿಂದ ನಮ್ಮ ತೋಟದ ಮರ ಹತ್ತುತ್ತಿದ್ದವನು. ನಮ್ಮ ಮನೆಯ ಮಕ್ಕಳು ಆತನನ್ನು ಮಾವ ಎಂದೇ ಕರೆಯುತ್ತಿದ್ದವು. ಬುಡವನ್ನು ಬಡಿದು ನೋಡಿದನು, ಅಂಗೈಯಿಂದ ಕಾಂಡವನ್ನು ಸವರಿದನು, "ಮರ ನೆಂದೈತೆ ಅಯ್ನೋರೆ, ಒಂದ್ ಗಳಿಗೆ ಬಿಸ್ಲು ಬೀಳ್ಲಿ" ಎಂದನು. ಒಲೆ ಹೊತ್ತಿಸಿಯಾಗಿತ್ತು. ಹೋಳಿಗೆಯ ಹೂರಣಕ್ಕೂ ಪಲ್ಯಕ್ಕೂ ಕಾಯಿಯಿರಲಿಲ್ಲ. "ಅಡುಗೆಗೆ ಹೊತ್ತಾಗುತ್ತದಪ್ಪ, ನಾಲ್ಕು ಮರ ಸಾಕು, ಇಳಿಸಿಬಿಡು" ಎಂದೆವು. ಹಾಗೆಂದವರು ಮನೆಯ ಆಳಲ್ಲ, ಅಡುಗೆಯವರಲ್ಲ, ನಾವೇ. ಆತ ಮತ್ತೆ ಮಾತನಾಡಲಿಲ್ಲ. ನಮ್ಮ ಮಾತನ್ನು ಮೀರುವ ಅಭ್ಯಾಸ ಆತನಿಗಿರಲಿಲ್ಲ. ಮೂರನೆಯ ಮರದಿಂದ ಬಿದ್ದನು.

ಹದಿನೈದು ಮೀಟರ್ ಎತ್ತರದಿಂದ ಬಿದ್ದ ಮನುಷ್ಯ ಎರಡು ಸೆಕೆಂಡಿಗೂ ಮೊದಲೇ ನೆಲ ಮುಟ್ಟುತ್ತಾನೆ. ಆಗ ಆತನ ವೇಗ ಗಂಟೆಗೆ 60 ಕಿಲೋಮೀಟರು ಮೀರಿರುತ್ತದೆ. ಇದನ್ನು ನಾವು ಆಮೇಲೆ ಲೆಕ್ಕ ಹಾಕಿ ತಿಳಿದುಕೊಂಡೆವು. ಆ ಹೊತ್ತಿನಲ್ಲಿ ನಮಗೆ ತಿಳಿದದ್ದು ಒಂದೇ, ಬೇಗ ಎತ್ತಬೇಕು. ನಾಲ್ಕು ಮಂದಿ ಕೈಕಾಲು ಹಿಡಿದು ಎತ್ತಿದರು. ಒಬ್ಬರು ಕೂರಿಸಿ ನೀರು ಕುಡಿಸಿದರು. ಗೂಡ್ಸ್ ಆಟೋದ ಹಿಂಭಾಗದಲ್ಲಿ ಮಲಗಿಸಿ, ಗುಂಡಿ ಬಿದ್ದ ರಸ್ತೆಯಲ್ಲಿ ಆಸ್ಪತ್ರೆಗೆ ಒಯ್ದೆವು. ಅಲ್ಲಿಂದ ಇನ್ನೊಂದು ಆಸ್ಪತ್ರೆ, ಅಲ್ಲಿಂದ ಬೆಂಗಳೂರು. ಬೆನ್ನುಮೂಳೆ ಮುರಿದಿತ್ತು. ನಿಮ್ಮಲ್ಲಿ ಈತನನ್ನು ಎತ್ತಿದವರು ಯಾರು, ಹೇಗೆ ಎತ್ತಿದಿರಿ ಎಂದು ಬೆಂಗಳೂರಿನ ತಜ್ಞ ವೈದ್ಯರು ಕೇಳಿದರು. ನಾವು ಹೇಳಿದೆವು. ಅವರು ತಲೆತಗ್ಗಿಸಿ ಏನನ್ನೋ ಬರೆದುಕೊಂಡರು. ಆತನ ಕಾಲುಗಳಿಗೆ ಶಕ್ತಿ ಮರಳಲಿಲ್ಲ.

ಈ ವಿಷಯದಲ್ಲಿ ವೈದ್ಯರು ಹೇಳುವುದನ್ನು ನಮ್ಮ ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಎತ್ತರದಿಂದ ಬಿದ್ದವನ ಬೆನ್ನು ಅಥವಾ ಕತ್ತಿನ ಮೂಳೆ ಮುರಿದಿರಬಹುದು. ಆದರೂ ಅದರೊಳಗಿನ ಬೆನ್ನುಹುರಿ ಪೂರ್ತಿ ಜಖಂಗೊಳ್ಳದೆ ಉಳಿದಿರಬಹುದು. ಕೈಕಾಲು ಹಿಡಿದು ತೂಗಾಡಿಸಿ ಎತ್ತಿದಾಗ, ಕೂರಿಸಿದಾಗ, ಮುರಿದ ಮೂಳೆಯ ಚೂರು ಸರಿದು ಹುರಿಯನ್ನು ಒತ್ತುತ್ತದೆ. ಮರದ ಪೆಟ್ಟಿಗೆ ನಮ್ಮ ಕೈಯ ಪೆಟ್ಟು ಸೇರಿದಂತಾಗುತ್ತದೆ. ಆದ್ದರಿಂದ ಬಿದ್ದವನನ್ನು ಬಿದ್ದಂತೆಯೇ ಬಿಡಬೇಕು. ಉಸಿರಾಟಕ್ಕೆ ತಡೆಯಿದ್ದರೆ ಮಾತ್ರ ಬಾಯಿ ನೋಡಬೇಕು, ರಕ್ತ ಹರಿಯುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯಬೇಕು. ತಲೆ ಅಲುಗದಂತೆ ಒಬ್ಬರು ಎರಡು ಕೈಗಳಿಂದ ಹಿಡಿದು ಕುಳಿತಿರಬೇಕು. ನೀರು, ಕಾಫಿ ಏನನ್ನೂ ಕೊಡಬಾರದು. 108ಕ್ಕೆ ಕರೆಮಾಡಬೇಕು. ಈ ಸೇವೆ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಿಂದಲೇ ಇದೆ. ನಮ್ಮ ತೋಟದಲ್ಲಿ ಆ ಅವಘಡ ನಡೆದಾಗ ಅದಕ್ಕೆ ಐದು ವರ್ಷ ತುಂಬುತ್ತ ಬಂದಿತ್ತು. ಅಲ್ಲಿದ್ದ ಮೂವತ್ತು ಮಂದಿಯಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಸಾಗಿಸಲೇಬೇಕಾಗಿ ಬಂದರೆ ಬಾಗಿಲಿನಂಥ ಗಟ್ಟಿ ಹಲಗೆ ತಂದು, ನಾಲ್ಕೈದು ಮಂದಿ ಒಟ್ಟಿಗೆ, ಮರದ ದಿಮ್ಮಿಯನ್ನು ಹೊರಳಿಸುವಂತೆ ತಲೆ ಬೆನ್ನು ಸೊಂಟ ಒಂದೇ ಗೆರೆಯಲ್ಲಿರಿಸಿ ಅದರ ಮೇಲೆ ಹೊರಳಿಸಿ ಕಟ್ಟಬೇಕು. ಹತ್ತು ನಿಮಿಷ ತಡವಾದರೂ ಚಿಂತೆಯಿಲ್ಲ. ಬೇಗ ಎತ್ತುವುದಕ್ಕಿಂತ ಸರಿಯಾಗಿ ಎತ್ತುವುದು ದೊಡ್ಡದು.

ಕಲಿಕೆಯ ಹೊಸ ದಾರಿ

ಹಿಂದೆ ಈ ವಿದ್ಯೆಗೆ ಪಾಠಶಾಲೆಯಿರಲಿಲ್ಲ. ತಂದೆಯ ಹಿಂದೆ ಮಗ, ಅಣ್ಣನ ಹಿಂದೆ ತಮ್ಮ. ಚಿಕ್ಕ ಮರದಲ್ಲಿ ಜಾರಿ ಬಿದ್ದು ಮಂಡಿ ತರಚಿಕೊಂಡವನು ಕ್ರಮೇಣ ದೊಡ್ಡ ಮರಕ್ಕೆ ಅರ್ಹನಾಗುತ್ತಿದ್ದನು. ಈಗ ಅಂಥ ಮನೆಗಳ ಹುಡುಗರು ಮರದ ಕಡೆ ತಿರುಗಿ ನೋಡರು. ತುಮಕೂರಿಗೂ ಕೊರಟಗೆರೆಗೂ ನಡುವಿನ ವಸಂತನರಸಾಪುರದ ಕಾರ್ಖಾನೆಗಳಿಗೋ ಬೆಂಗಳೂರಿಗೋ ಹೋಗುತ್ತಾರೆ. ಅವರನ್ನು ದೂರುವವರು ಬಹಳ ಮಂದಿ. ಕೂಲಿ ಹೆಚ್ಚಾಯಿತು, ಮರ ಹತ್ತುವವರು ಸಿಕ್ಕುವುದಿಲ್ಲ ಎಂಬುದು ಈಗ ಮದುವೆ ಮನೆಯ ಪಂಕ್ತಿಯಲ್ಲೂ ಕೇಳುವ ಮಾತು. ತಂದೆಯ ಬೆನ್ನು ಮುರಿದದ್ದನ್ನು ಕಂಡ ಮಗನು ಕಾರ್ಖಾನೆಗೆ ಹೋದರೆ ಅದರಲ್ಲಿ ತಪ್ಪೇನೆಂದು ಆ ಪಂಕ್ತಿಯಲ್ಲಿ ಯಾರೂ ಕೇಳುವುದಿಲ್ಲ.

ಈ ಕೊರತೆ ಮೊದಲು ತೀವ್ರವಾದದ್ದು ಕೇರಳದಲ್ಲಿ. 1981ರಲ್ಲಿ ಸ್ಥಾಪಿತವಾಗಿ ಕೊಚ್ಚಿಯಲ್ಲಿ ಮುಖ್ಯ ಕಚೇರಿಯುಳ್ಳ ಕೇಂದ್ರ ಸರ್ಕಾರದ ತೆಂಗು ಅಭಿವೃದ್ಧಿ ಮಂಡಳಿಯು 2011ರ ಆಗಸ್ಟ್‌ನಲ್ಲಿ ತೆಂಗಿನ ಮರದ ಗೆಳೆಯರು ಎಂಬ ತರಬೇತಿಯನ್ನು ಅಲ್ಲಿ ಆರಂಭಿಸಿತು. ಆಮೇಲೆ ಅದು ತೆಂಗು ಬೆಳೆಯುವ ಇತರ ರಾಜ್ಯಗಳಿಗೂ ಬಂದಿತು. ಆರು ದಿನಗಳ ಶಿಬಿರ. ಯಂತ್ರದ ನೆರವಿನಿಂದ ಮರ ಏರಿ ಇಳಿಯುವುದು, ಕಾಯಿಯ ಬಲಿತ ಬಗೆ ಅರಿಯುವುದು, ಮರದ ತಲೆಯನ್ನು ಶುಚಿಗೊಳಿಸುವುದು, ಸುಳಿ ಕೊರೆಯುವ ದುಂಬಿಯನ್ನೂ ಕೆಂಪುಮೂತಿ ಹುಳುವನ್ನೂ ಗುರುತಿಸಿ ಔಷಧ ಹಾಕುವುದು, ಬಿದ್ದವನಿಗೆ ಪ್ರಥಮ ಚಿಕಿತ್ಸೆ ನೀಡುವುದು ಇವೆಲ್ಲ ಅದರಲ್ಲಿ ಸೇರಿವೆ. ಶಿಬಿರ ಮುಗಿಸಿದವರಿಗೆ ಏರುವ ಯಂತ್ರವನ್ನು ಕೊಟ್ಟು ಕಳುಹಿಸುವ ಕ್ರಮವಿದೆ. ಕೇರಳದಲ್ಲಿ ಹೆಂಗಸರೂ ಈ ವಿದ್ಯೆ ಕಲಿತು ಮರ ಏರಿದ್ದಾರೆ. ನಮ್ಮ ಜಿಲ್ಲೆಯಲ್ಲಿ ತಿಪಟೂರು ತಾಲ್ಲೂಕಿನ ಕೊನೆಹಳ್ಳಿಯಲ್ಲಿ ಒಂದು, ತುಮಕೂರಿನ ಸಮೀಪದ ಹಿರೇಹಳ್ಳಿಯಲ್ಲಿ ಒಂದು, ಹೀಗೆ ಎರಡು ಕೃಷಿ ವಿಜ್ಞಾನ ಕೇಂದ್ರಗಳಿವೆ. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನ ಹುಳಿಮಾವಿನಲ್ಲಿದೆ. ಶಿಬಿರ ಯಾವಾಗ ಎಂದು ವಿಚಾರಿಸಿ, ತಮ್ಮ ಊರಿನ ಇಬ್ಬರು ಯುವಕರನ್ನು ಬಸ್ಸಿನ ಖರ್ಚು ಕೊಟ್ಟು ಕಳುಹಿಸುವುದು ತೋಟವುಳ್ಳ ಯಾವ ಮನೆಗೂ ಹೊರೆಯಲ್ಲ.

ಏರುವ ಯಂತ್ರವೆಂದರೆ ದೊಡ್ಡ ಮೋಟಾರೆಂದು ಭಾವಿಸಬೇಡಿ. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಎಂಬ ಕೃಷಿಕರು ರೂಪಿಸಿದ ಉಪಕರಣ ಇದು. ಎರಡು ಕಬ್ಬಿಣದ ಚೌಕಟ್ಟುಗಳು, ಒಂದೊಂದು ಕಾಲಿಗೆ ಒಂದೊಂದು. ಪ್ರತಿಯೊಂದರಿಂದಲೂ ಉಕ್ಕಿನ ಹಗ್ಗ ಮರವನ್ನು ಸುತ್ತಿರುತ್ತದೆ. ಕಾಲೆತ್ತಿದಾಗ ಹಗ್ಗ ಸಡಿಲವಾಗಿ ಮೇಲೆ ಸರಿಯುತ್ತದೆ, ತುಳಿದಾಗ ಬಿಗಿದು ಮರವನ್ನು ಕಚ್ಚುತ್ತದೆ. ಮೆಟ್ಟಿಲು ಹತ್ತುವಂತೆ ನಿಂತುಕೊಂಡೇ ಏರಬಹುದು. ಎದೆ ತೊಡೆ ಉಜ್ಜುವುದಿಲ್ಲ. ಆದರೆ ಮೊದಲ ಮಾದರಿಯಲ್ಲಿ ಒಂದು ಕೊರತೆಯಿತ್ತು. ಕಾಲಿಗೆ ಆಸರೆಯಿತ್ತೇ ಹೊರತು ಕೈ ತಪ್ಪಿದರೆ ಹಿಂದಕ್ಕೆ ಬೀಳುವವನನ್ನು ಹಿಡಿಯುವ ಆಸರೆಯಿರಲಿಲ್ಲ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಇದಕ್ಕೆ ಸುರಕ್ಷಾ ಜೋಡಣೆಯೊಂದನ್ನು ಮಾಡಿದರು. ಏರುವವನ ಮೈಗೆ ಪಟ್ಟಿ, ಪಟ್ಟಿಯಿಂದ ಮರಕ್ಕೆ ಬಿಗಿ. ಕೈ ಜಾರಿದರೂ ಮನುಷ್ಯ ಮರಕ್ಕೇ ಅಂಟಿರುತ್ತಾನೆ. ಕಾಸರಗೋಡು ಕನ್ನಡ ನೆಲ. ಅಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆದಿದೆ. ಆ ಸಂಸ್ಥೆಯ ಈ ಸಣ್ಣ ಜೋಡಣೆಯನ್ನು ಹೊಸ ತಳಿಗಳಿಗಿಂತ ಕಡಿಮೆಯ ಕಾಣಿಕೆಯೆಂದು ನಾವು ಎಣಿಸುವುದಿಲ್ಲ. ವಿಷಾದವೆಂದರೆ ಯಂತ್ರ ಕೊಂಡ ಎಷ್ಟೋ ಮಂದಿ ಈ ಪಟ್ಟಿಯನ್ನು ಮನೆಯ ಗೂಟಕ್ಕೆ ತೂಗುಹಾಕಿ, ಯಂತ್ರವನ್ನು ಮಾತ್ರ ಒಯ್ಯುತ್ತಾರೆ. ಪಟ್ಟಿ ಕಟ್ಟುವುದಕ್ಕೆ ಎರಡು ನಿಮಿಷ ಬೇಕು; ಮರದ ಲೆಕ್ಕದ ಕೂಲಿಯಲ್ಲಿ ಎರಡು ನಿಮಿಷಕ್ಕೂ ಬೆಲೆಯುಂಟು. ನಮ್ಮ ಹೋಬಳಿಯ ಒಬ್ಬ ಹಿರಿಯ ಕೆಲಸಗಾರನಂತೂ, "ಸೊಂಟಕ್ಕೆ ಹಗ್ಗ ಕಟ್ಕಂಡ್ರೆ ಮರಕ್ಕೆ ನನ್ಮೇಲೆ ನಂಬ್ಕೆ ಹೋಯ್ತದೆ ಅಯ್ನೋರೆ" ಎಂದು ವಾದಿಸಿದನು. ಅಂಥವರಿಗೆ ಶಾಸ್ತ್ರಾರ್ಥದಿಂದ ಪ್ರಯೋಜನವಿಲ್ಲ. ಪಟ್ಟಿಯಿಲ್ಲದೆ ನಮ್ಮ ಮರ ಹತ್ತಬೇಡ, ಪಟ್ಟಿ ಕಟ್ಟಿದರೆ ಮರಕ್ಕೆ ಹತ್ತು ರೂಪಾಯಿ ಹೆಚ್ಚು ಎಂದೆವು. ಮರುವಾರ ಕಟ್ಟಿಕೊಂಡು ಬಂದನು.

ಅಡಿಕೆಯ ಕಥೆ ಸ್ವಲ್ಪ ಬೇರೆ. ಅಡಿಕೆ ಮರ ತೆಳು, ಗಾಳಿಗೆ ಬಳುಕುವಂಥದು. ನುರಿತ ಕೊನೆಗಾರರು ಒಂದು ಮರವನ್ನು ಬಾಗಿಸಿ ಇನ್ನೊಂದಕ್ಕೆ ದಾಟುತ್ತಾರೆ, ನೆಲಕ್ಕೆ ಇಳಿಯುವುದೇ ಇಲ್ಲ. ನೋಡಲು ಬೆರಗು, ನೆನೆದರೆ ಭಯ. ಕರಾವಳಿಯಲ್ಲಿ ಕ್ಯಾಂಪ್ಕೊ ಮೊದಲಾದ ಸಂಸ್ಥೆಗಳು 2018ರಲ್ಲಿ ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಅಡಿಕೆ ಕೌಶಲ್ಯ ಪಡೆ ಎಂಬ ಹೆಸರಿನಲ್ಲಿ ಯುವಕರಿಗೆ ಮರವೇರುವ ಶಿಬಿರ ನಡೆಸಿದವು. ಬಂಟ್ವಾಳ ತಾಲ್ಲೂಕಿನ ಸಜೀಪದ ಗಣಪತಿ ಭಟ್ಟರು ಪೆಟ್ರೋಲಿನಿಂದ ನಡೆಯುವ, ಕುಳಿತು ಏರುವ ಯಂತ್ರವನ್ನು ಮಾಡಿದ್ದು 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಈಚೆಗೆ ಹಗುರವಾದ ಕಾರ್ಬನ್ ಫೈಬರ್ ದೋಟಿಗಳು ಬಂದು, ನೆಲದ ಮೇಲೆ ನಿಂತೇ ಕೊನೆ ಇಳಿಸುವುದು, ಔಷಧ ಸಿಂಪಡಿಸುವುದು ಸಾಧ್ಯವಾಗಿದೆ. ಮರ ಏರದಿರುವುದೇ ಎಲ್ಲಕ್ಕಿಂತ ದೊಡ್ಡ ಸುರಕ್ಷೆಯೆಂಬುದು ನಿಜ. ಆದರೆ ದೋಟಿ ಹಿಡಿದವನು ತಲೆಯೆತ್ತಿ ಗೊನೆಯನ್ನು ನೋಡುತ್ತಾನೆ, ತಂತಿಯನ್ನು ನೋಡುವುದಿಲ್ಲ. ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಗಲಿ ಪ್ರಾಣ ಹೋದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ; ಕಾರ್ಬನ್ನಿನ ದೋಟಿಯೂ ವಿದ್ಯುತ್ತನ್ನು ಹಾಯಿಸುವಂಥದೇ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಹಾಕಲೇಬಾರದು.

ಥಾಯ್ಲೆಂಡ್ ಮೊದಲಾದ ದೇಶಗಳಲ್ಲಿ ಕೋತಿಗಳನ್ನು ಪಳಗಿಸಿ ಕಾಯಿ ಕೀಳಿಸುತ್ತಾರಂತೆ. ಅದು ಕ್ರೌರ್ಯವೆಂದು ಹೊರದೇಶಗಳ ಅಂಗಡಿಗಳು ಅಲ್ಲಿನ ಸರಕನ್ನು ಬಿಟ್ಟದ್ದೂ ಉಂಟು. ನಮ್ಮ ಮಧುಗಿರಿ ಬೆಟ್ಟದ ಕೋತಿಗಳು ಯಾರೂ ಪಳಗಿಸದೆಯೇ ಕಾಯಿ ಕೀಳುತ್ತವೆ. ಲೆಕ್ಕ ಒಪ್ಪಿಸುವುದಿಲ್ಲ, ಅಷ್ಟೇ.

ವಿಮೆಯ ಮಾತು

ನಮ್ಮ ತೋಟದಲ್ಲಿ ಬಿದ್ದವನಿಗೆ ವಿಮೆಯಿರಲಿಲ್ಲ. ಇರಬಹುದಾಗಿತ್ತು ಎಂಬುದು ನಮಗೆ ತಿಳಿದದ್ದು ಎರಡು ವರ್ಷ ಕಳೆದ ಮೇಲೆ. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಎಂಬ ವಿಮೆ ಮರವೇರುವವರಿಗೆಂದೇ ಇದೆ. ತರಬೇತಿ ಪಡೆದವರಿಗೆ ಮೊದಲ ವರ್ಷದ ಕಂತನ್ನು ಮಂಡಳಿಯೇ ತುಂಬುತ್ತದೆ. ಬೇರೆ ಮರ ಹತ್ತುವವರೂ ಸೇರಬಹುದು. ಅವರ ಕಂತಿನ ದೊಡ್ಡ ಪಾಲು ಮಂಡಳಿಯದು, ಉಳಿದದ್ದು ಮಾತ್ರ ಅವರದು. ಅಪಘಾತದಲ್ಲಿ ಸತ್ತರೆ, ಶಾಶ್ವತವಾಗಿ ಪೂರ್ಣ ಅಂಗವಿಕಲರಾದರೆ ಬರುವ ಮೊತ್ತವನ್ನು ಕಾಲಕಾಲಕ್ಕೆ ಏರಿಸುತ್ತ ಬಂದು ಈಗ 7 ಲಕ್ಷ ರೂಪಾಯಿ ಮಾಡಿದ್ದಾರೆ. ಆಸ್ಪತ್ರೆಯ ವೆಚ್ಚಕ್ಕೂ ಮಿತಿಯೊಳಗೆ ನೆರವುಂಟು. ಅಡಿಕೆ ಮರ ಮಾತ್ರ ಏರುವವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಾದರೂ ಇರಲಿ. ಹದಿನೆಂಟರಿಂದ ಎಪ್ಪತ್ತು ವಯಸ್ಸಿನ ಬ್ಯಾಂಕು ಖಾತೆದಾರರು ವರ್ಷಕ್ಕೆ 20 ರೂಪಾಯಿ ಕೊಟ್ಟರೆ ಅಪಘಾತದ ಸಾವಿಗೆ 2 ಲಕ್ಷ. ಈ ಹಣವನ್ನು ಬ್ಯಾಂಕು ಮೇ ತಿಂಗಳ ಕೊನೆಗೆ ಖಾತೆಯಿಂದ ಕಡಿದುಕೊಳ್ಳುತ್ತದೆ. ಆಗ ಖಾತೆ ಬರಿದಾಗಿದ್ದರೆ ವಿಮೆ ತಪ್ಪಿಹೋಗುತ್ತದೆ. ನಮ್ಮ ಕೆಲಸಗಾರರ ಖಾತೆ ಮೇ ತಿಂಗಳಲ್ಲಿ ಬರಿದಾಗಿರುವುದೇ ಹೆಚ್ಚು. ಒಂದು ತೆಂಗಿನಕಾಯಿಯ ಬೆಲೆಗೂ ಕಡಿಮೆಯಾದ ಆ ಇಪ್ಪತ್ತು ರೂಪಾಯಿಯನ್ನು ತೋಟದ ಒಡೆಯನೇ ಕಟ್ಟಿಸಿದರೆ ಏನು ಕಳೆದೀತು?

ನೆರೆಯ ತೆಲಂಗಾಣದ ಸರ್ಕಾರವು 2024ರ ಜುಲೈ ತಿಂಗಳಲ್ಲಿ ತಾಳೆ ಮರ ಏರುವವರಿಗೆ ಕಾಟಮಯ್ಯ ರಕ್ಷಾ ಕವಚ ಎಂಬ ಹೆಸರಿನಲ್ಲಿ ಹಗ್ಗ, ಪಟ್ಟಿ, ಕೊಂಡಿಗಳ ಸುರಕ್ಷಾ ಸಾಮಗ್ರಿಯನ್ನು ಕೊಡಲು ಆರಂಭಿಸಿತು, ಬಳಸುವ ತರಬೇತಿಯನ್ನೂ ಕೊಟ್ಟಿತು. ಅವರು ಸೇಂದಿ ಇಳಿಸುವವರು. ಸೇಂದಿಯ ಹೆಸರೆತ್ತಿದೊಡನೆ ನಮ್ಮವರಲ್ಲಿ ಕೆಲವರು ಹುಬ್ಬು ಗಂಟಿಕ್ಕುವರೆಂದು ಬಲ್ಲೆವು. ಕುಡಿತವನ್ನು ನಾವೂ ಒಪ್ಪುವವರಲ್ಲ. ಆದರೆ ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯನಿಗೂ ಸ್ಥಾನವಿದ್ದಿತು. ಹುಲ್ಲಿನ ಹಗ್ಗ ಹೊಸೆದು ಮಾರಿ ಜಂಗಮದಾಸೋಹ ನಡೆಸಿದ ನುಲಿಯ ಚಂದಯ್ಯನನ್ನು ನಾವು ಇಂದಿಗೂ ಜಯಂತಿ ಮಾಡಿ ನೆನೆಯುತ್ತೇವೆ. ಅದೇ ಹಗ್ಗವನ್ನು ನಂಬಿ ಮರವೇರುವವನಿಗೆ ಜಗಲಿಯ ಕೆಳಗೆ ನಿಲ್ಲಿಸಿ ಬೇರೆ ಲೋಟದಲ್ಲಿ ಕಾಫಿ ಕೊಡುವ ಮನೆಗಳು ನಮ್ಮಲ್ಲಿ ಇಲ್ಲವೆನ್ನಲು ಬಾಯಿ ಬಾರದು.

ಕುಡಿತದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇವೆ. ಮರ ಹತ್ತುವವರು ಕುಡಿಯುತ್ತಾರೆ, ಆದ್ದರಿಂದ ಬೀಳುತ್ತಾರೆ ಎಂಬ ಆರೋಪ ಸುಲಭವಾದದ್ದು. ಬೆಳಗಿನ ಕೂಲಿಗೆ ಮುಂಗಡವಾಗಿ ಹಿಂದಿನ ರಾತ್ರಿ ಖುಷಿಗೆಂದು ಹಣ ಕೊಡುವವರು ಯಾರು? ಬೇರೆ ತೋಟಕ್ಕೆ ಹೋಗದಿರಲೆಂದು ನಾವೇ. ಮೈನೋವು ಮರೆಯಲು ಆತ ಕುಡಿದರೆ, ಆ ಅಮಲು ಇಳಿಯುವ ಮೊದಲೇ ಮರಕ್ಕೆ ಹತ್ತಿಸುವವರೂ ನಾವೇ. ನೆಂದ ಮರಕ್ಕೆ, ಒಣಗಿದ ಮರಕ್ಕೆ, ಗಾಳಿಯ ಹೊತ್ತಿಗೆ, ಸಂಜೆಗತ್ತಲಿಗೆ ಹತ್ತಬೇಡವೆಂದು ಹೇಳಬೇಕಾದವನು ಒಡೆಯ. ಬೇಡವೆಂದು ಕೆಲಸಗಾರನು ಹೇಳಿದಾಗ ಅದನ್ನು ಕೇಳಬೇಕಾದವನೂ ಒಡೆಯನೇ. ಕೆಳಗೊಬ್ಬರಿಲ್ಲದೆ ಯಾರನ್ನೂ ಹತ್ತಿಸಬಾರದು. ಪಟ್ಟಿಯಲ್ಲಿ ಸಿಕ್ಕಿ ಮರದ ಮೇಲೇ ಪ್ರಜ್ಞೆ ತಪ್ಪಿ ತೂಗುವವನ ಕಾಲುಗಳಲ್ಲಿ ರಕ್ತ ನಿಂತು ಸ್ವಲ್ಪ ಹೊತ್ತಿನಲ್ಲೇ ಪ್ರಾಣಾಪಾಯವಾಗುವುದುಂಟು; ಕೂಡಲೇ ಇಳಿಸಲು ಇನ್ನೊಬ್ಬ ಬಲ್ಲವನು ಬೇಕು.

ನಮ್ಮ ತೋಟದ ಆ ಕೆಲಸಗಾರ ಈಗಲೂ ಇದ್ದಾನೆ. ಮನೆಯ ಮುಂದೆ ಸಣ್ಣ ಅಂಗಡಿ ಇಟ್ಟುಕೊಂಡು, ಗಾಲಿಕುರ್ಚಿಯಲ್ಲಿ ಕುಳಿತು ವ್ಯಾಪಾರ ಮಾಡುತ್ತಾನೆ. ಬೆನ್ನುಹುಣ್ಣು ಎರಡು ಬಾರಿ ಅವನನ್ನು ಸಾವಿನ ಬಾಗಿಲಿಗೆ ಒಯ್ದಿತ್ತು. ರಾತ್ರಿಯಲ್ಲಿ ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುತ್ತ ಅವನನ್ನು ಉಳಿಸಿದವಳು ಅವನ ಹೆಂಡತಿ. ನಾವು ತಿಂಗಳಿಗಿಷ್ಟೆಂದು ಕೊಡುತ್ತ ಬಂದಿದ್ದೇವೆ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕೊಟ್ಟದ್ದು ಕಾಲಾಗುವುದಿಲ್ಲ.

ಅವನ ಅಕ್ಕನ ಮಗನೊಬ್ಬ ಮೊನ್ನೆ ಮೊನ್ನೆ ತರಬೇತಿ ಮುಗಿಸಿ ಯಂತ್ರ ತಂದಿದ್ದಾನೆ. ಕಳೆದ ತಿಂಗಳು ನಮ್ಮ ಮನೆಯ ಕಾರ್ಯಕ್ಕೆ ಕಾಯಿ ಬೇಕಾಗಿ ನಾವೇ ಅವರ ಮನೆಗೆ ಹೋದೆವು. ಹುಡುಗ ಹೊರಟು ನಿಂತಿದ್ದನು. ಮಾವ ಅವನನ್ನು ತಡೆದು, ಪಟ್ಟಿಯನ್ನೂ ಹಗ್ಗವನ್ನೂ ತೊಡೆಯ ಮೇಲೆ ಹಾಕಿಸಿಕೊಂಡನು. ಒಂದೊಂದು ಗೇಣನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತ ಬಂದನು. ಕೊಂಡಿಯ ಹತ್ತಿರ ಬೆರಳು ನಿಂತಿತು. ಎರಡು ಎಳೆ ಹರಿದಿದ್ದವು.

"ಇವತ್ತು ಬ್ಯಾಡ. ನಾಳೆ ತುಮಕೂರಿಂದ ಹೊಸದು ತತ್ತಾನೆ, ನಾಳಿದ್ದು ಹತ್ಲಿ," ಎಂದು ನಮ್ಮ ಮುಖ ನೋಡದೆಯೇ ಹೇಳಿದನು.

"ಆಗಲಪ್ಪ," ಎಂದೆವು. ಹೊಸ ಹಗ್ಗದ ಹಣವನ್ನು ಹುಡುಗನ ಕೈಯಲ್ಲಿಟ್ಟು, ಪುರವರದ ಅಂಗಡಿಯಲ್ಲಿ ಇಪ್ಪತ್ತು ಕಾಯಿ ಕೊಂಡು ಮನೆಗೆ ಬಂದೆವು.